ಅವ್ವನ ಬಂಡಿಯ ಮುಂದೆ ಓದಿದ ಅನೌನ್ಸ್‌ಮೆಂಟ್

೧೪ ನವೆಂಬರ್ ೨೦೨೪, ಗುರುವಾರ

ಅನೌನ್ಸ್‌ಮೆಂಟ್ ಎಂಬ ಪದ ಬಳಸಿ ಐದು ವಾಕ್ಯ ಬರೆದುಕೊಂಡು ಬಾ ಎಂದಿದ್ದಾರೆ ಸಂಜೆಯ ಇಂಗ್ಲಿಷ್ ಕ್ಲಾಸಿನ ನಾಗರತ್ನಾ ಟೀಚರ್. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನಿಗೆ ಇದೂ ಬೇಕಿತ್ತೇ? ಒಂದನ್ನೇ ಬರೆದಿದ್ದೇನೆ: ‘ದಿ ಆಫೀಸ್ ಮೇಡ್ ಆ್ಯನ್ ಅನೌನ್ಸ್‌ಮೆಂಟ್.’ ತಪ್ಪೇನಿಲ್ಲ. ಆದರೆ ಸುಳ್ಳು.

ಮಾಡಿದವನು ನಾನು. ಇವತ್ತು ಗೆಳೆಯ ಮತೀನನ ಆಟೊದಲ್ಲಿ ಮೈಕ್ ಹಿಡಿದು ಕೂತು, ಸ್ಟೇಷನ್ ರಸ್ತೆಯ ತಳ್ಳುಬಂಡಿಗಳನ್ನು ಸೋಮವಾರದೊಳಗೆ ತೆಗೆಯಬೇಕು, ಇಲ್ಲದಿದ್ದರೆ ಜಪ್ತಿ ಎಂದು ಮುನ್ಸಿಪಾಲ್ಟಿ ಆಫೀಸಿನವರು ಕೊಟ್ಟ ಚೀಟಿಯನ್ನು ಕೂಲಿಗೆ ಓದಿದೆ. ಅವ್ವನ ಬಾಳೆಹಣ್ಣಿನ ಬಂಡಿ ನಿಲ್ಲುವುದೂ ಅಲ್ಲೇ. ಮಾನ್ವಿಯಿಂದ ರಾಯಚೂರಿಗೆ ಬಂದಾಗಿನಿಂದ ನಮ್ಮ ಅನ್ನ ಅದೇ.

“ಲೇ ಉದಯ, ಇಲ್ಲಿ ಮೈಕ್ ಬಂದ್ ಮಾಡ್ಲೇನು?” ಎಂದ ಮತೀನ್.

“ಬ್ಯಾಡ. ಎಲ್ಲಾರಿಗೂ ಹೇಳಿದ್ದು ಆಕಿಗೂ ಹೇಳ್ಬೇಕು.”

ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಆಟೊ ಹತ್ತಿರ ಬಂದಳು. ಬೈದುಬಿಡಲಿ ಎಂದುಕೊಂಡೆ. ಅವಳು ನೀರಿನ ಬಾಟಲಿ ಕೊಟ್ಟಳು.

“ಆ ಹೂವಿನ ಮುದುಕಿಗೆ ಕಿವಿ ಮಂದ ಅದಾವ. ಇನ್ನೊಮ್ಮಿ ಜೋರಾಗಿ ಹೇಳು. ಮೊದ್ಲು ನೀರು ಕುಡಿ, ಗಂಟಲು ಒಣಗ್ಯದ.”

ಕುಡಿದೆ. ಮತ್ತೆ ಓದಿದೆ.

ಈಗ ‘ದಿ ಆಫೀಸ್’ ಹೊಡೆದುಹಾಕಿ ‘ಐ’ ಎಂದು ಬರೆದೆ. ಎರಡನೆಯದನ್ನು ‘ಮೈ ಮದರ್’ ಎಂದು ಶುರು ಮಾಡಿ ನಿಲ್ಲಿಸಿದ್ದೇನೆ. ಅವ್ವ ಪಕ್ಕದಲ್ಲೇ ಮಲಗಿದ್ದಾಳೆ, ಅವಳಿಗೂ ನಿದ್ದೆ ಬಂದಿಲ್ಲ. ಸೋಮವಾರದಿಂದ ಬಂಡಿ ಎಲ್ಲಿ ನಿಲ್ಲಿಸಲಿ ಎಂದು ನನ್ನನ್ನೇ ಕೇಳಿಬಿಟ್ಟರೆ…