ಕಳೆದುಹೋದ ಅಪ್ಪನ ಗಮನಕ್ಕೆ

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ಇಷ್ಟು ವರ್ಷ ಬೀಗ ಬಿದ್ದಿದ್ದ ನಮ್ಮೂರ ಮಾಲ್ ಭಾನುವಾರ ಮತ್ತೆ ತೆರೆಯುತ್ತಿದೆ. ಕಾರಂಜಿಯ ಜಾಗಕ್ಕೆ ಗ್ರಂಥಾಲಯ ಬಂದಿದೆ, ಚಪ್ಪಲಿ ಅಂಗಡಿ ಹಲ್ಲಿನ ಡಾಕ್ಟರ ಪಾಲಾಗಿದೆ. ಕಾಣೆಯಾದವರನ್ನು ಮೈಕಿನಲ್ಲಿ ಕೂಗುವ ಕೋಣೆ ಮಾತ್ರ ಹಾಗೇ ಇದೆ. ಅಲ್ಲಿನ ಕೆಲಸ ನನಗೇ ಸಿಕ್ಕಿದೆ!

ಮಾಲ್ ಮೊದಲು ತೆರೆದ ದಿನ ನೀವು ಗಾಜಿನ ಸೂರನ್ನು ನಂಬದೆ ಒಳಗೂ ಕೊಡೆ ಬಿಚ್ಚಿಕೊಂಡೇ ಓಡಾಡಿದ್ದಿರಿ. ಐದು ವರ್ಷದ ನಾನು ಆ ಕೋಣೆಗೆ ಹೋಗಿ, "ನಾನೇನೂ ಕಳೆದುಹೋಗಿಲ್ಲ ಆಂಟಿ, ನಮ್ಮಪ್ಪ ಕಳೆದುಹೋಗಿದಾರೆ" ಅಂದೆ. ಅವರು ಅದನ್ನೇ ಮೈಕಿನಲ್ಲಿ ಕೂಗಿದರು. ಊರೆಲ್ಲ ಬಿದ್ದು ಬಿದ್ದು ನಗುತ್ತಿರುವಾಗ ನೀವು ಕೊಡೆ ಸಮೇತ ಓಡಿ ಬಂದಿರಿ.

ಭಾನುವಾರ ಅಮ್ಮನ ಜೊತೆ ಬನ್ನಿ, ಕೊಡೆ ಮರೆಯಬೇಡಿ. ನಾನು ಮೊದಲು ಕೂಗುವುದು ನಿಮ್ಮನ್ನೇ. ಕೂಗಿದ ತಕ್ಷಣ ಓಡಿ ಬರಬೇಡಿ ಅಪ್ಪಾ, ಇನ್ನೊಂದು ಸಲ ಕೂಗುವ ಆಸೆ ನನಗೆ.

ಇಂತಿ,
ಇನ್ನೂ ಕಳೆದುಹೋಗದ ಮಗಳು