ಮೊದಲ ಹನ್ನೊಂದು ಸೆಕೆಂಡು

ಅಪ್ಪಾ,

ಇವತ್ತು ಮತ್ತೆ ನಿನ್ನ ದನಿಯನ್ನು ಕ್ಲಾಸಿನಲ್ಲಿ ಕೇಳಿಸಿದೆ. ಆಂಬುಲೆನ್ಸ್ ಕರೆಗಳಿಗೆ ಉತ್ತರಿಸಲು ಹೊಸದಾಗಿ ಸೇರಿದ ಹನ್ನೆರಡು ಮಂದಿಯ ಮುಂದೆ ನಿನ್ನ ಕೊನೆಯ ಫೋನಿನ ರೆಕಾರ್ಡಿಂಗ್ ಹಾಕಿ, "ತಪ್ಪು ಎಲ್ಲಾಯ್ತು?" ಎಂದು ಕೇಳಿದೆ. ನೀನು ನನಗೇನಾಗಬೇಕು ಎಂದು ಹೇಳಲಿಲ್ಲ.

ಎದೆನೋವಿನಲ್ಲೂ ನಿನ್ನದು ಅದೇ ಹಟ: "ವಿಳಾಸ ಯಾಕ್ರೀ? ನನ್ನ ಮಗಳು ಅಲ್ಲೇ ಕೆಲಸ ಮಾಡ್ತಾಳೆ, ಅವಳಿಗೆ ಮನೆ ಗೊತ್ತು." ವಿಳಾಸ ಸಿಗುವ ಮೊದಲೇ ನಿನ್ನ ಮಾತು ನಿಂತುಹೋಗುತ್ತದೆ.

ಒಬ್ಬ ಕಿಸಕ್ಕನೆ ನಕ್ಕ. "ಸಾಯೋವಾಗ್ಲೂ ಮಗಳ ಜಂಬ ಬಿಡ್ಲಿಲ್ಲ ನೋಡಿ ಮೇಡಂ, ಈ ಮುದುಕ."

ನಾನೂ ನಕ್ಕೆ. ಸುಳ್ಳೇನು? ದಿನಕ್ಕೆ ನಾಲ್ಕು ಸಲ ಅದೇ ಆಂಬುಲೆನ್ಸ್ ನಂಬರಿಗೆ ಫೋನ್ ಮಾಡಿ, "ಕನ್ನಡಕ ಕಾಣ್ತಿಲ್ಲ, ಮಗಳಿಗೆ ಕೊಡಿ" ಎಂದು ಎಲ್ಲರೆದುರು ನನ್ನ ಮಾನ ತೆಗೆಯುತ್ತಿದ್ದವನು ನೀನು.

ನೀನು ಏದುಸಿರು ಬಿಡುವ ಜಾಗದಲ್ಲಿ ಒಬ್ಬ ಹುಡುಗಿ ಅತ್ತೇಬಿಟ್ಟಳು. "ಅಳೋದಾದ್ರೆ ಮನೇಲಿರಮ್ಮ, ಇಲ್ಲಿ ನಿನ್ನ ಕಣ್ಣೀರು ಯಾರಿಗೂ ಬೇಕಾಗಿಲ್ಲ" ಎಂದು ಹೊರಗೆ ಕಳಿಸಿದೆ. ಬಾಗಿಲ ಹತ್ತಿರ ನಿಂತು ಅವಳು ಕೇಳಿದಳು: "ಆ ಮಗಳನ್ನ ಯಾಕೆ ಯಾರೂ ಕರೀಲಿಲ್ಲ ಮೇಡಂ?"

"ಅದು ಪಾಠದಲ್ಲಿಲ್ಲ" ಎಂದೆ.

ಇರುವುದಾದರೂ ಹೇಗೆ? ಕ್ಲಾಸಿಗೆ ತರುವ ಮುಂಚೆ ರೆಕಾರ್ಡಿಂಗಿನ ಮೊದಲ ಹನ್ನೊಂದು ಸೆಕೆಂಡು ನಾನೇ ಕತ್ತರಿಸಿದ್ದೇನೆ. ಅದರಲ್ಲಿ ಫೋನ್ ಎತ್ತಿದವನು, "ನಿಮ್ಮಪ್ಪ, ಮತ್ತೆ" ಎನ್ನುತ್ತಾನೆ. ಪಕ್ಕದ ಕುರ್ಚಿ ಹಿಂದಕ್ಕೆ ಸರಿಯುವ ಸದ್ದಾಗುತ್ತದೆ. ಆಮೇಲೆ ನನ್ನ ದನಿ:

"ಟೀಗೆ ಹೋಗ್ತಿದೀನಿ. ನಾನಿಲ್ಲ ಅಂತ ಹೇಳು."