ಕೊನೆಯ ಲಕೋಟೆ ಹಗುರವಾಗಿತ್ತು

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚು. ಅದೂ ಒಂದು ಯಂತ್ರದ ಮೇಲೆ. ಮುದ್ರಣ ಮತ್ತು ಟಪಾಲು ವಿಭಾಗಕ್ಕೆ ತಾವು ಕಳೆದ ವರ್ಷ ತರಿಸಿದ, ಕಾಗದ ಮಡಚಿ ಲಕೋಟೆಗೆ ತುಂಬುವ ಯಂತ್ರ ಅದು. ಹತ್ತೊಂಬತ್ತು ವರ್ಷ ಅದೇ ಕೆಲಸವನ್ನು ಕೈಯಿಂದ ಮಾಡಿದವಳು ನಾನು. ಈಗ ಮೆಟ್ಟಿಲ ಕೆಳಗೆ ಕೂತು ಅದು ಉಗುಳಿದ ಲಕೋಟೆಗಳನ್ನು ದಾರದಿಂದ ಕಟ್ಟುತ್ತೇನೆ.

ವಿಭಾಗದಲ್ಲಿ ಅದರ ಹೆಸರು ‘ಮಹಾರಾಣಿ’. ಮಹಾರಾಣಿಗೆ ಎ.ಸಿ. ಕೋಣೆ. ನಾನು ಒಂದು ಫ್ಯಾನಿಗಾಗಿ ಒಂಬತ್ತು ಅರ್ಜಿ ಬರೆದೆ. ಅವನ್ನು ಲಕೋಟೆಗೆ ಹಾಕಿದವಳೂ ನಾನೇ. ಅವಳು ಒಮ್ಮೆ ಕೆಮ್ಮಿದರೆ ನಾಲ್ಕು ಜನ ಓಡಿ ಬರುತ್ತಾರೆ. ನಾನು ಜ್ವರದಲ್ಲಿ ಮಲಗಿದ್ದಾಗ ಕಚೇರಿಯಿಂದ ಬಂದದ್ದು ‘ರಜಾ ಅರ್ಜಿ ಎಲ್ಲಿ?’ ಎಂಬ ಪ್ರಶ್ನೆ. ಉದ್ಘಾಟನೆಯ ದಿನ ತಾವು ಅವಳ ಬೆನ್ನು ತಟ್ಟಿದಿರಿ. ನನ್ನ ಮೇಜು ಎಲ್ಲಿದೆಯೆಂದಾದರೂ ತಮಗೆ ಗೊತ್ತಿತ್ತೇ? ಮನೆಯಲ್ಲಿ ಹೇಳಿಕೊಂಡರೆ ಯಜಮಾನರು ನಕ್ಕರು. “ಏನೇ ಇದು, ಕಬ್ಬಿಣದ ಮೇಲೆ ಸವತಿ ಮತ್ಸರ? ಸಂಜೆ ಆದ್ರೆ ಸ್ವಿಚ್ ಆರಿಸಿ ಹೋಗ್ತಾರಲ್ಲ ಅದನ್ನ!”

“ಆರಿಸಿದ್ಮೇಲೆ ಹೊದಿಕೆ ಹೊದಿಸ್ತಾರೆ ಕಣ್ರೀ. ನೀವು ಯಾವತ್ತಾದ್ರೂ ನಂಗೆ ಹೊದಿಸಿದ್ದೀರಾ?” ಎಂದೆ. 

‘ಗಂಟೆಗೆ ಮೂರು ಸಾವಿರ ಲಕೋಟೆ, ದೋಷ ಶೂನ್ಯ’ ಎಂದು ತಾವು ಗೋಡೆಗೆ ಫಲಕ ಹಾಕಿಸಿದ್ದೀರಿ. ನನ್ನದು ಗಂಟೆಗೆ ಇನ್ನೂರು. ಒಪ್ಪಿದೆ. ಆದರೆ ರೋಗಿಗೆ ಹೋಗುವ ಪತ್ರದಲ್ಲಿ ಎರಡು ಹಾಳೆ ಇರುತ್ತವೆಂದು ತಮಗೆ ತಿಳಿದಿರಬೇಕು: ಒಂದರಲ್ಲಿ ವಿಳಾಸ, ಇನ್ನೊಂದರಲ್ಲಿ ಆಪರೇಷನ್ನಿನ ತಾರೀಖು. ಯಂತ್ರ ಇವನ್ನು ಬೇರೆ ಬೇರೆ ತಟ್ಟೆಯಿಂದ ಎಳೆದುಕೊಳ್ಳುತ್ತದೆ. ತಾರೀಖಿನ ಹಾಳೆ ಒಮ್ಮೆ ಎರಡು ಅಂಟಿಕೊಂಡು ಬಂದರೆ ಮುಗಿಯಿತು, ಅಲ್ಲಿಂದ ಮುಂದಿನವರಿಗೆಲ್ಲ ತಮ್ಮ ನಂತರದವರ ತಾರೀಖು. ಕೊನೆಯವರಿಗೆ ಬರೀ ವಿಳಾಸ. ಅದಕ್ಕೇ ನಾನು ಕಟ್ಟು ಬಿಗಿಯುವ ಮುನ್ನ ಕೊನೆಯ ಲಕೋಟೆಯನ್ನು ಅಂಗೈ ಮೇಲಿಟ್ಟು ತೂಗಿ ನೋಡುವುದು. ತಮ್ಮ ದಕ್ಷತೆಯ ಕೈಪಿಡಿಯಲ್ಲಿ ಇದಿಲ್ಲ, ಹುಡುಕಬೇಡಿ.

ಕಳೆದ ತಿಂಗಳು ವಯಸ್ಸಾದ ಟೈಲರ್ ಒಬ್ಬರು ನಮ್ಮ ಕೌಂಟರಿಗೆ ಬಂದರು. “ನೋಡಮ್ಮ, ನಂಗೆ ಮಂಗಳವಾರ ಹೆರಿಗೆ ಅಂತೆ. ಪಕ್ಕದ ಅಂಗಡಿಯವ್ರು ಓದಿ ಹೇಳಿದ್ರು,” ಎಂದು ಹಾಳೆ ಚಾಚಿದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ, “ನನ್ನ ಕಣ್ಣಿನ ಆಪರೇಷನ್ ತಾರೀಖು ಯಾರ ಮನೇಲಿದೆ?” ಎಂದು ಕೇಳಿದರು. ಕಡತ ತೆಗೆದು ನೋಡಿದರೆ ಆ ತಾರೀಖು ಹಿಂದಿನ ದಿನವೇ ಕಳೆದಿತ್ತು. ಹೀಗೆ ತಾರೀಖು ಅದಲುಬದಲಾದ ಉಳಿದ ನೂರ ಹನ್ನೆರಡು ಮಂದಿಗೆ ಅಂದೇ ಫೋನ್ ಮಾಡಿ ಸರಿಪಡಿಸಿದರು. ಇವರಿಗೆ ಮಾತ್ರ ಹೊಸ ತಾರೀಖು ಇನ್ನು ಏಳು ತಿಂಗಳು ಬಿಟ್ಟು. “ಸೂಜಿಗೆ ದಾರ ಪೋಣಿಸೋಕೇ ಈಗ ಇನ್ನೊಬ್ರನ್ನ ಕರೀತೀನಿ. ಏಳು ತಿಂಗಳು ಗಿರಾಕಿ ಕಾಯ್ತಾರಾ ತಾಯಿ?” ಎಂದರು. ತಮ್ಮ ಕಚೇರಿ ಕಡತದಲ್ಲಿ ‘ಅಂಚೆಯ ತಪ್ಪು’ ಎಂದು ಬರೆದು ಕೈ ತೊಳೆದುಕೊಂಡಿತು.

ಅದು ಅಂಚೆಯ ತಪ್ಪಲ್ಲ. ಪೂರ್ತಿ ಯಂತ್ರದ್ದೂ ಅಲ್ಲ. ಆ ಕಟ್ಟಿನ ಕೊನೆಯ ಲಕೋಟೆ ನನ್ನ ಅಂಗೈಯಲ್ಲಿ ಹಗುರವಾಗಿತ್ತು. ಏನಾಗಿದೆಯೆಂದು ನನಗೆ ಗೊತ್ತಾಯಿತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ‘ಹೋಗಲಿ, ಮಹಾರಾಣಿಯ ಬಣ್ಣ ಬಯಲಾಗಲಿ’ ಎಂದುಕೊಂಡು ದಾರ ಬಿಗಿದೆ, ಚೀಲಕ್ಕೆ ಹಾಕಿದೆ. ಆ ದಿನ ಹೊಟ್ಟೆ ತಣ್ಣಗಿತ್ತು, ಊಟವೂ ರುಚಿಸಿತು. ಟೈಲರ್ ಬಂದ ದಿನದಿಂದ ರುಚಿಸುತ್ತಿಲ್ಲ.

ಆದ್ದರಿಂದ ಆ ಟೈಲರಿಗೆ ಈ ತಿಂಗಳೊಳಗೆ ತಾರೀಖು ಕೊಡಿ. ಕಡತದಲ್ಲಿ ‘ಅಂಚೆ’ಯನ್ನು ಹೊಡೆದುಹಾಕಿ ನನ್ನ ಹುದ್ದೆ ಬರೆಯಿರಿ, ಪಕ್ಕದಲ್ಲೇ ಫಲಕ ಹಾಕಿಸಿದವರ ಹುದ್ದೆಗೂ ಜಾಗವಿದೆ. ಯಂತ್ರ ಇರಲಿ, ಅದರ ಬಾಯಿಯ ಬಳಿ ಕೊನೆಯ ಲಕೋಟೆ ಎತ್ತಿ ನೋಡುವ ಮನುಷ್ಯರೊಬ್ಬರನ್ನು ಕೂರಿಸಿ. ನನ್ನನ್ನೇ ಕೂರಿಸಬೇಕೆಂದು ಕೇಳುವ ಮುಖ ನನಗಿಲ್ಲ. ಬೇರೆಯವರು ಕೂತರೆ ಅವರ ಮೇಲೂ ಹೊಟ್ಟೆಕಿಚ್ಚುಪಡುತ್ತೇನೆ, ಅದು ಬೇರೆ ಮಾತು.

ಶಿಕ್ಷೆ ಏನಿದ್ದರೂ ಸರಿ. ಆ ಟೈಲರಿಗೆ ಹೋಗುವ ಹೊಸ ಪತ್ರವೊಂದನ್ನು ಮಾತ್ರ ನನ್ನ ಕೈಯಿಂದ ಮಡಚಲು ಬಿಡಿ. ಅಂಚೆಗೆ ಹಾಕುವುದು ಬೇಡ, ನಾನೇ ಅವರ ಅಂಗಡಿಗೆ ನಡೆದುಹೋಗಿ ಕೊಡುತ್ತೇನೆ. ಓದಿಯೂ ಹೇಳಬೇಕು, ಅವರಿಗೆ ಅಕ್ಷರ ಕಾಣುವುದಿಲ್ಲ.

ಇಂತಿ,
ಗೊತ್ತಿದ್ದೂ ಗಂಟು ಬಿಗಿದ,
ಮೆಟ್ಟಿಲ ಕೆಳಗಿನ ಟಪಾಲಿನವಳು